ಕೈ ಹೇಳುತ್ತದೆ ಗೇರ್ ಬಿತ್ತು, ಕಾರು ಹೇಳುತ್ತದೆ ಬಿದ್ದಿಲ್ಲ: ರೇಸಿಂಗ್ ಸಿಮ್ಯುಲೇಟರ್‌ನ ಕ್ಲಚ್ ಎಷ್ಟು ನಿಜ?

ಟೇಬಲ್ಲಿಗೆ ಸ್ಟೀರಿಂಗ್ ಬಿಗಿದು, ಕಾಲಡಿ ಮೂರು ಪೆಡಲ್ ಇಟ್ಟು, ಪಕ್ಕದಲ್ಲಿ ಗೇರ್ ಲಿವರ್ ಕೂರಿಸಿಕೊಂಡು ಕಂಪ್ಯೂಟರ್‌ನಲ್ಲಿ ಕಾರು ಓಡಿಸುವವರು ಈಗ ನಮ್ಮ ಊರುಗಳಲ್ಲೂ ಸಿಗುತ್ತಾರೆ. ಅಂಥ ಮನೆಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಮಗಳು ಇದರಲ್ಲಿ ಕ್ಲಚ್ ಕಲಿತರೆ ನಾಳೆ ನಿಜವಾದ ಕಾರನ್ನೂ ಓಡಿಸಬಹುದಾ? ಇನ್ನೊಂದು ಕಡೆ, ವರ್ಷಗಟ್ಟಲೆ ಘಾಟಿ ಹತ್ತಿ ಇಳಿದ ಅಪ್ಪ ಆ ಕುರ್ಚಿಯಲ್ಲಿ ಕೂತರೆ ಬೇರೆಯದೇ ಅನುಮಾನ. ಕ್ಲಚ್ ಅರ್ಧ ಬಿಟ್ಟರೂ ಕಾಲಿಗೆ ಏನೂ ತಿಳಿಯುತ್ತಿಲ್ಲವಲ್ಲ, ಗೇರ್ ಇಷ್ಟು ಸಲೀಸಾಗಿ ಹೇಗೆ ಬೀಳುತ್ತದೆ?

ಇಬ್ಬರ ಪ್ರಶ್ನೆಗೂ ಉತ್ತರ ಒಂದೇ ಜಾಗದಲ್ಲಿದೆ. ಕಂಪ್ಯೂಟರ್ ಒಳಗಿನ ಲೆಕ್ಕ ಈಗ ಸಾಕಷ್ಟು ಚೆನ್ನಾಗಿದೆ. ಕೊರತೆ ಇರುವುದು ಕೈಯಲ್ಲಿ ಹಿಡಿದ ಲಿವರ್ ಮತ್ತು ಕಾಲಡಿಯ ಪೆಡಲ್‌ನಲ್ಲಿ. ಅದರಿಂದ ಒಂದು ವಿಚಿತ್ರವೂ ಹುಟ್ಟಿದೆ. ಫಾರ್ಮುಲಾ ಒನ್ ಕಾರಿನ ಗೇರ್ ಬದಲಾವಣೆಯನ್ನು ಮನೆಯಲ್ಲಿ ಹೆಚ್ಚುಕಡಿಮೆ ಇದ್ದ ಹಾಗೇ ತೋರಿಸಬಹುದು. ಹಳೆಯ ಮಾರುತಿ 800ರ ಗೇರ್ ಬದಲಾವಣೆಯನ್ನು ತೋರಿಸುವುದು ಅದಕ್ಕಿಂತ ಎಷ್ಟೋ ಕಷ್ಟ.

ಅದು ಯಾಕೆ ಎಂದು ತಿಳಿಯಬೇಕಾದರೆ ಮೊದಲು ನಿಜವಾದ ಕಾರಿನ ಅಡಿಗೆ ಹೋಗಬೇಕು.

ಕ್ಲಚ್ ಯಾಕೆ ಬೇಕು?

ಪೆಟ್ರೋಲ್ ಎಂಜಿನ್ ನಿಂತಲ್ಲಿಂದ ಎಳೆಯಲಾರದು. ನಿಮಿಷಕ್ಕೆ ಸುಮಾರು 700–800 ಸುತ್ತು ತಿರುಗುತ್ತಲೇ ಇರಬೇಕು. ಅದಕ್ಕಿಂತ ತುಂಬಾ ಕೆಳಗಿಳಿದರೆ ಆಫ್ ಆಗುತ್ತದೆ. ಆದರೆ ಸಿಗ್ನಲ್‌ನಲ್ಲಿ ನಿಂತ ಕಾರಿನ ಚಕ್ರದ ವೇಗ ಸೊನ್ನೆ. ಒಂದು ಕಡೆ ತಿರುಗುತ್ತಿರುವ ಎಂಜಿನ್, ಇನ್ನೊಂದು ಕಡೆ ನಿಂತ ಚಕ್ರ. ಇವೆರಡನ್ನೂ ಮೆಲ್ಲಗೆ ಒಂದೇ ವೇಗಕ್ಕೆ ತರುವುದು ಕ್ಲಚ್‌ನ ಕೆಲಸ.

ಎಂಜಿನ್‌ನ ಕೊನೆಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ ಇರುತ್ತದೆ. ಗೇರ್‌ಬಾಕ್ಸ್‌ಗೆ ಹೋಗುವ ಶಾಫ್ಟ್‌ನ ತುದಿಯಲ್ಲಿ ಕ್ಲಚ್ ಪ್ಲೇಟ್ ಇರುತ್ತದೆ. ಅದರ ಎರಡೂ ಮುಖಕ್ಕೆ ಬ್ರೇಕ್ ಪ್ಯಾಡ್‌ನಂಥ ಒರಟು ಲೈನಿಂಗ್. ಈ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯಲು ಇನ್ನೊಂದು ಪ್ಲೇಟ್, ಅದರ ಹಿಂದೆ ಬಲವಾದ ಸ್ಪ್ರಿಂಗ್. ಪೆಡಲ್ ಒತ್ತಿದಾಗ ಆ ಸ್ಪ್ರಿಂಗ್‌ನ ಹಿಡಿತ ತಪ್ಪುತ್ತದೆ. ಪೆಡಲ್ ಬಿಟ್ಟಾಗ ಹಿಡಿತ ವಾಪಸ್ ಬರುತ್ತದೆ. ಮಧ್ಯದಲ್ಲಿ ಎಲ್ಲೋ ಪ್ಲೇಟ್ ಉಜ್ಜುತ್ತಾ ಜಾರುತ್ತಾ ಇರುವ ಸ್ಥಿತಿಯೇ ನಾವು ಹಾಫ್ ಕ್ಲಚ್ ಎನ್ನುವುದು.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕ್ಲಚ್ ಜಾರುತ್ತಿರುವಷ್ಟು ಹೊತ್ತು ಚಕ್ರಕ್ಕೆ ಎಷ್ಟು ಬಲ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಎಂಜಿನ್ ಅಲ್ಲ, ನಿಮ್ಮ ಎಡಗಾಲು. ಪ್ಲೇಟ್ ಎಷ್ಟು ಒತ್ತಿದೆಯೋ ಅಷ್ಟೇ ಬಲ ದಾಟುತ್ತದೆ. ಎಂಜಿನ್ ಕೊಡುವುದು ಅದಕ್ಕಿಂತ ಜಾಸ್ತಿಯಾದರೆ ಎಂಜಿನ್‌ನ ಸುತ್ತು ಏರುತ್ತದೆ. ಕಡಿಮೆಯಾದರೆ ಸುತ್ತು ಇಳಿದು ಕೊನೆಗೆ ಆಫ್ ಆಗುತ್ತದೆ. ಪಟ್ಟನೆ ಕ್ಲಚ್ ಬಿಟ್ಟರೆ ಗಾಡಿ ಆಫ್ ಆಗುವುದು ಇದೇ ಕಾರಣಕ್ಕೆ.

ಉಜ್ಜಿದ್ದು ಬಿಸಿಯಾಗಲೇಬೇಕು. ಎಷ್ಟು ಬಿಸಿ? 1,200 ಕಿಲೋ ತೂಕದ ಕಾರನ್ನು ಒಂದನೇ ಗೇರಿನಲ್ಲಿ ಹೊರಡಿಸುತ್ತೀರಿ. ಎಂಜಿನ್ ಸುಮಾರು 2,150 ಸುತ್ತಿನಲ್ಲೇ ಇದೆ, ಕಾರು ಗಂಟೆಗೆ 18 ಕಿ.ಮೀ. ತಲುಪುವ ಹೊತ್ತಿಗೆ ಕ್ಲಚ್ ಪೂರ್ತಿ ಹಿಡಿಯುತ್ತದೆ ಎಂದುಕೊಳ್ಳಿ. ಆ ವೇಗದಲ್ಲಿ ಕಾರಿನ ಚಲನೆಯ ಶಕ್ತಿ 15,000 ಜೂಲ್. ಸಮತಟ್ಟು ರಸ್ತೆಯಲ್ಲಿ ಹೀಗೆ ಹೊರಟಾಗ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್ ಪ್ಲೇಟ್‌ನಲ್ಲಿ ಶಾಖವಾಗುತ್ತದೆ. ಅದೇ ಕಾರನ್ನು ಅದೇ ಸುತ್ತಿನಲ್ಲಿ ಎರಡನೇ ಗೇರಿನಿಂದ ಹೊರಡಿಸಿದರೆ ಪ್ಲೇಟ್ ಗಂಟೆಗೆ 33 ಕಿ.ಮೀ. ತನಕ ಉಜ್ಜುತ್ತಲೇ ಇರಬೇಕು. ಆಗ ಶಾಖ 51,000 ಜೂಲ್, ಅಂದರೆ ಮೂರು ಪಟ್ಟಿಗೂ ಜಾಸ್ತಿ. ಸೆಕೆಂಡ್ ಗೇರಿನಲ್ಲಿ ಗಾಡಿ ಎಬ್ಬಿಸಬೇಡ ಎಂದು ಹಳೆಯ ಡ್ರೈವರ್‌ಗಳು ಗದರುವುದು ಇದಕ್ಕೇ. ಚಾರ್ಮಾಡಿಯ ಏರಿನಲ್ಲಿ ಜಾಮ್ ಆಗಿ ಹಾಫ್ ಕ್ಲಚ್‌ನಲ್ಲೇ ನಿಂತರೆ ಇನ್ನೂ ಕಷ್ಟ. ಕಾರು ಚಲಿಸುವುದೇ ಇಲ್ಲ, ಎಂಜಿನ್ ಕೊಟ್ಟದ್ದೆಲ್ಲ ಶಾಖವಾಗುತ್ತದೆ. ಪ್ಲೇಟ್ ಸುಟ್ಟ ವಾಸನೆ ಬರುವುದು ಆಗಲೇ.

ಗೇರ್ ಬೀಳುವುದು ಎಂದರೇನು?

ಗೇರ್ ಹಾಕಿದಾಗ ಒಂದು ಹಲ್ಲುಚಕ್ರ ಸರಿದು ಹೋಗಿ ಇನ್ನೊಂದಕ್ಕೆ ಕೂಡಿಕೊಳ್ಳುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಇವತ್ತಿನ ಕಾರುಗಳಲ್ಲಿ ಹಾಗಿಲ್ಲ. ಮುಂದಕ್ಕೆ ಹೋಗುವ ಗೇರುಗಳ ಹಲ್ಲುಗಳು ಯಾವಾಗಲೂ ಕೂಡಿಕೊಂಡೇ ಇರುತ್ತವೆ. ಆದರೆ ಅವು ಶಾಫ್ಟ್ ಮೇಲೆ ಸುಮ್ನೆ ತಿರುಗುತ್ತಿರುತ್ತವೆ. ನೀವು ಲಿವರ್ ತಳ್ಳಿದಾಗ ಶಾಫ್ಟ್ ಜೊತೆ ತಿರುಗುವ, ಬಳೆಯಂಥ ಒಂದು ಸ್ಲೀವ್ ಸರಿದು, ಬೇಕಾದ ಗೇರಿನ ಪಕ್ಕದ ಸಣ್ಣ ಹಲ್ಲುಗಳನ್ನು ಹಿಡಿಯುತ್ತದೆ. ಆಗ ಆ ಗೇರು ಶಾಫ್ಟ್‌ಗೆ ಬೀಗ ಹಾಕಿದಂತಾಗುತ್ತದೆ.

ಸ್ಲೀವ್ ಒಂದು ವೇಗದಲ್ಲಿ, ಗೇರು ಇನ್ನೊಂದು ವೇಗದಲ್ಲಿ ತಿರುಗುತ್ತಿದ್ದರೆ ಹಲ್ಲು ಹಲ್ಲಿಗೆ ಬಡಿದು ಕರ್ರ್ ಎನ್ನುತ್ತದೆ, ಗೇರ್ ಬೀಳುವುದಿಲ್ಲ. ಇದು ಓಡುವ ಬಸ್ ಹತ್ತಿದ ಹಾಗೆ. ನಿಂತಲ್ಲಿಂದ ಫುಟ್‌ಬೋರ್ಡ್‌ಗೆ ಕಾಲಿಟ್ಟರೆ ಬೀಳುತ್ತೀರಿ. ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ಅದರ ವೇಗಕ್ಕೆ ಬಂದ ಮೇಲೆ ಕಾಲಿಟ್ಟರೆ ಸಲೀಸಾಗಿ ಹತ್ತಬಹುದು. ಮನೆ ಕಾರಿನಲ್ಲಿ ಈ ಓಟವನ್ನು ಸಿಂಕ್ರೊನೈಸರ್ ಎಂಬ ಹಿತ್ತಾಳೆಯ ಉಂಗುರ ಓಡುತ್ತದೆ. ಹಲ್ಲು ಕೂಡುವ ಮೊದಲು ಅದು ಗೇರಿಗೆ ಉಜ್ಜಿ ಎರಡರ ವೇಗವನ್ನೂ ಸರಿಸಮ ಮಾಡುತ್ತದೆ. ಅಲ್ಲಿಯತನಕ ನಿಮ್ಮ ಕೈಯನ್ನು ತಡೆದು ನಿಲ್ಲಿಸುತ್ತದೆ. ಗೇರ್ ಹಾಕುವಾಗ ಅಂಗೈಗೆ ಸಿಗುವ ಆ ಚಿಕ್ಕ ತಡೆ, ಆಮೇಲೆ ಒಳಗೆ ಜಾರುವ ಅನುಭವ ಇದೇ ಉಂಗುರದ್ದು. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೇಗದ ಅಂತರ ಎಷ್ಟಿರುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಚಕ್ರದ ತ್ರಿಜ್ಯ 31 ಸೆಂ.ಮೀ. ಇರುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಚಕ್ರ ನಿಮಿಷಕ್ಕೆ ಸುಮಾರು 856 ಸುತ್ತು ತಿರುಗುತ್ತದೆ. ಮೂರನೇ ಗೇರಿನ ಅನುಪಾತ 1.3, ಗೇರ್‌ಬಾಕ್ಸ್ ಮತ್ತು ಚಕ್ರದ ನಡುವಿನ ಕೊನೆಯ ಹಲ್ಲುಜೋಡಿಯದು (ಫೈನಲ್ ಡ್ರೈವ್) 4 ಎಂದಾದರೆ ಎಂಜಿನ್ 4,450 ಸುತ್ತಿನಲ್ಲಿ ಇರಬೇಕು. ಎರಡನೇ ಗೇರಿನದು 1.9 ಆದರೆ ಅದೇ ವೇಗದಲ್ಲಿ 6,500 ಸುತ್ತು ಬೇಕು. ಅಂದರೆ ಮೂರರಿಂದ ಎರಡಕ್ಕೆ ಇಳಿಯುವಾಗ ಎಂಜಿನ್ 2,000 ಸುತ್ತಿಗೂ ಹೆಚ್ಚು ಮೇಲೇರಬೇಕು. ರೇಸ್ ಡ್ರೈವರ್ ಅದನ್ನು ತಾನೇ ಮಾಡುತ್ತಾನೆ. ಬಲಗಾಲಿನ ಮುಂಭಾಗದಲ್ಲಿ ಬ್ರೇಕ್ ಒತ್ತಿ ಹಿಡಿದು, ಅದೇ ಕಾಲಿನ ಅಂಚಿನಿಂದ ಆಕ್ಸಿಲರೇಟರ್‌ಗೆ ಒಂದು ತಟ್ಟು ಕೊಡುತ್ತಾನೆ. ಹೀಲ್ ಅಂಡ್ ಟೋ ಎನ್ನುವುದು ಇದಕ್ಕೇ.

ಆ ತಟ್ಟು ಕೊಡದೆ ಕ್ಲಚ್ ಬಿಟ್ಟರೆ ಎಂಜಿನ್ ಅನ್ನು ಮೇಲೆಬ್ಬಿಸುವ ಕೆಲಸ ಟೈರ್‌ಗೆ ಬೀಳುತ್ತದೆ. ಬ್ರೇಕ್ ಹಾಕಿರುವಾಗ ಟೈರ್ ಮೊದಲೇ ತನ್ನ ಹಿಡಿತವನ್ನೆಲ್ಲ ಬಳಸಿರುತ್ತದೆ. ಹಿಂದಿನ ಚಕ್ರ ಎಳೆಯುವ ಕಾರಾದರೆ ಹಿಂದಿನ ಟೈರ್ ಜಾರಿ ಕಾರು ತಿರುಗಿಯೇ ಹೋಗಬಹುದು. ಇನ್ನು ಅದೇ 100 ಕಿ.ಮೀ. ವೇಗದಲ್ಲಿ ಕೈತಪ್ಪಿ, ಅನುಪಾತ 3.5 ಇರುವ ಒಂದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ? ಚಕ್ರಗಳು ಎಂಜಿನ್ ಅನ್ನು 12,000 ಸುತ್ತಿನತ್ತ ಎಳೆಯುತ್ತವೆ. 7,000ಕ್ಕೆ ಮಿತಿ ಇರುವ ಎಂಜಿನ್ ಉಳಿಯುವುದಿಲ್ಲ. ಎಂಜಿನ್ ಸುತ್ತು ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಕೂಡ ಅಲ್ಲಿ ಕಾಪಾಡಲಾರದು. ಅದು ಇಂಧನ ನಿಲ್ಲಿಸಬಲ್ಲದು, ಚಕ್ರದ ಎಳೆತವನ್ನು ನಿಲ್ಲಿಸಲಾರದು.

ರೇಸ್ ಕಾರಿನ ಗೇರ್‌ಬಾಕ್ಸ್ ಬೇರೆ

ರೇಸ್ ಕಾರುಗಳಲ್ಲಿ ಸಾಮಾನ್ಯವಾಗಿ ಆ ಹಿತ್ತಾಳೆಯ ಉಂಗುರವೇ ಇರುವುದಿಲ್ಲ. ಸಣ್ಣ ಹಲ್ಲುಗಳ ಬದಲು ಕೆಲವೇ ದಪ್ಪ ಹಲ್ಲುಗಳಿರುತ್ತವೆ, ಅವುಗಳ ನಡುವೆ ಸಾಕಷ್ಟು ಜಾಗ. ಇದಕ್ಕೆ ಡಾಗ್ ಬಾಕ್ಸ್ ಎನ್ನುತ್ತಾರೆ. ವೇಗ ಪೂರ್ತಿ ಸರಿಯಾಗದಿದ್ದರೂ ಹಲ್ಲು ಆ ಜಾಗದಲ್ಲಿ ಠಪ್ಪೆಂದು ಕೂರುತ್ತದೆ. ಮೇಲಿನ ಗೇರಿಗೆ ಹೋಗಲು ಕ್ಲಚ್ ಬೇಕೇ ಬೇಕು ಎಂದಿಲ್ಲ. ಹಲ್ಲಿನ ಮೇಲಿನ ಒತ್ತಡ ಒಂದು ಕ್ಷಣ ಕಡಿಮೆಯಾದರೆ ಸಾಕು. ಅದಕ್ಕೆ ಆಕ್ಸಿಲರೇಟರ್ ಸ್ವಲ್ಪ ಬಿಡಬೇಕು, ಇಲ್ಲವೇ ಎಂಜಿನ್‌ನ ಕಂಪ್ಯೂಟರ್ ಕ್ಷಣಕಾಲ ಸ್ಪಾರ್ಕ್ ನಿಲ್ಲಿಸಬೇಕು.

1989ರಲ್ಲಿ ಫೆರಾರಿ ತನ್ನ 640 ಕಾರಿನಲ್ಲಿ ಗೇರ್ ಲಿವರನ್ನೇ ತೆಗೆದುಹಾಕಿತು. ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಆ ಕಾರಿನಲ್ಲಿ ಸ್ಟೀರಿಂಗ್ ಹಿಂದೆ ಬೆರಳಿನಿಂದ ಎಳೆಯುವ ಎರಡು ಪ್ಯಾಡಲ್‌ಗಳಿದ್ದವು. ಬ್ರೆಜಿಲ್‌ನ ಜಕರೆಪಗುವಾದಲ್ಲಿ ನಡೆದ ಮೊದಲ ರೇಸನ್ನೇ ನೈಜೆಲ್ ಮ್ಯಾನ್ಸೆಲ್ ಅದರಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ ಫಾರ್ಮುಲಾ ಒನ್ ಪೂರ್ತಿ ಅದೇ ದಾರಿ ಹಿಡಿಯಿತು. ಅಮೆರಿಕದ ನ್ಯಾಸ್ಕಾರ್ ರೇಸ್‌ಗಳ ಮುಖ್ಯ ಸರಣಿ ಮಾತ್ರ ನಾಲ್ಕು ಗೇರಿನ ಹಳೆಯ ಲಿವರನ್ನು 2021ರತನಕ ಉಳಿಸಿಕೊಂಡಿತ್ತು. 2022ರಲ್ಲಿ ಬಂದ ಹೊಸ ಕಾರಿನೊಂದಿಗೆ ಅಲ್ಲೂ ಹಿಂದೆ ಮುಂದೆ ತಳ್ಳುವ ಐದು ಗೇರಿನ ಸೀಕ್ವೆನ್ಶಿಯಲ್ ಬಾಕ್ಸ್ ಬಂತು.

ಮಾರುತಿ 800ರ ವಿಚಿತ್ರಕ್ಕೆ ಉತ್ತರ ಇಲ್ಲಿದೆ. ಫಾರ್ಮುಲಾ ಒನ್ ಡ್ರೈವರ್ ನಿಜವಾದ ಕಾರಿನಲ್ಲೂ ಮಾಡುವುದು ಒಂದು ಪ್ಯಾಡಲ್ ಎಳೆಯುವುದು ಮಾತ್ರ. ಉಳಿದದ್ದನ್ನೆಲ್ಲ ಯಂತ್ರ ಮಾಡುತ್ತದೆ. ಮನೆಯ ಸ್ಟೀರಿಂಗ್ ಹಿಂದೆಯೂ ಅಂಥದ್ದೇ ಪ್ಯಾಡಲ್ ಇದೆ. ಡ್ರೈವರ್‌ನ ಬೆರಳು ಮತ್ತು ಗೇರಿನ ನಡುವೆ ನಿಜದಲ್ಲೂ ವೈರ್ ಇತ್ತು, ಇಲ್ಲೂ ವೈರ್ ಇದೆ. ಮಾರುತಿ 800ರಲ್ಲಿ ಕೈ ಮತ್ತು ಗೇರಿನ ನಡುವೆ ಇರುವುದು ಕಬ್ಬಿಣದ ರಾಡ್. ಗೇರ್‌ಬಾಕ್ಸ್ ಒಳಗೆ ಏನಾಗುತ್ತದೋ ಅದು ಆ ರಾಡ್ ಹಿಡಿದೇ ಅಂಗೈಗೆ ಬರುತ್ತದೆ.

ಕಂಪ್ಯೂಟರ್ ಲೆಕ್ಕ ಹಾಕುವುದು ಹೇಗೆ?

ಸಿಮ್ಯುಲೇಟರ್ ಕಾಲವನ್ನು ಚಿಕ್ಕ ಚಿಕ್ಕ ತುಂಡು ಮಾಡಿಕೊಳ್ಳುತ್ತದೆ. ಪ್ರತಿ ತುಂಡಿನಲ್ಲೂ ಎಂಜಿನ್, ಕ್ಲಚ್, ಟೈರ್ ಎಲ್ಲದರ ಬಲವನ್ನು ಲೆಕ್ಕ ಹಾಕಿ, ಮುಂದಿನ ತುಂಡಿನಲ್ಲಿ ಅವು ಎಲ್ಲಿರುತ್ತವೆ ಎಂದು ತೀರ್ಮಾನಿಸುತ್ತದೆ. ಅಮೆರಿಕದ ಐರೇಸಿಂಗ್ ಎಂಬ ಸಿಮ್ಯುಲೇಟರ್ ಇದನ್ನು ಸೆಕೆಂಡಿಗೆ 360 ಸಲ ಮಾಡುತ್ತದೆ. ಜರ್ಮನಿಯ ಬ್ರೆಮೆನ್‌ನಲ್ಲಿ ತಯಾರಾಗುವ ಬೀಮ್‌ಎನ್‌ಜಿ ಡ್ರೈವ್ 2,000 ಸಲ ಮಾಡುತ್ತದೆ.

ಎಂಜಿನ್ ಲೆಕ್ಕ ಅಷ್ಟೇನೂ ಕಷ್ಟವಲ್ಲ. ತಲೆನೋವು ಇರುವುದು ಕ್ಲಚ್‌ನಲ್ಲಿ. ಅದು ಜಾರುತ್ತಿರುವಾಗ ಎಂಜಿನ್ ಒಂದು ವಸ್ತು, ಕಾರು ಇನ್ನೊಂದು ವಸ್ತು. ಹಿಡಿದ ಕ್ಷಣದಿಂದ ಎರಡೂ ಸೇರಿ ಒಂದೇ ವಸ್ತು. ಎರಡಕ್ಕೂ ಸಮೀಕರಣ ಬೇರೆ ಬೇರೆ. ಜಾರುವಾಗ ಘರ್ಷಣೆಯ ದಿಕ್ಕು ಯಾವುದು ಜೋರಾಗಿ ತಿರುಗುತ್ತಿದೆ ಎಂಬುದರ ಮೇಲೆ ನಿಂತಿದೆ. ಎಂಜಿನ್ ಜೋರಾಗಿದ್ದರೆ ಘರ್ಷಣೆ ಅದನ್ನು ಹಿಡಿದೆಳೆಯುತ್ತದೆ, ನಿಧಾನವಾಗಿದ್ದರೆ ಮುಂದೆ ತಳ್ಳುತ್ತದೆ. ವೇಗಗಳು ತೀರಾ ಹತ್ತಿರ ಬಂದಾಗ ಕಂಪ್ಯೂಟರ್ ಒಂದು ತುಂಡಿನಲ್ಲಿ ಗುರಿ ದಾಟಿ ಹೋಗುತ್ತದೆ. ಮುಂದಿನ ತುಂಡಿನಲ್ಲಿ ದಿಕ್ಕು ತಿರುಗಿಸಿ ಮತ್ತೆ ದಾಟುತ್ತದೆ. ಹೀಗೆ ಎಂಜಿನ್ ವೇಗ ಅತ್ತಿತ್ತ ನಡುಗುತ್ತಾ ಇರುತ್ತದೆ, ಕ್ಲಚ್ ಎಂದೂ ಪೂರ್ತಿ ಹಿಡಿಯುವುದೇ ಇಲ್ಲ.

ಇದಕ್ಕೆ ಸುಲಭದ ದಾರಿ ಎಂದರೆ ವೇಗದ ಅಂತರ ಕಡಿಮೆಯಾದಾಗ ಘರ್ಷಣೆಯನ್ನೂ ಕಡಿಮೆ ಮಾಡಿಬಿಡುವುದು. ನಡುಕ ನಿಲ್ಲುತ್ತದೆ. ಆದರೆ ಹಿಡಿದ ಕ್ಲಚ್ ಕೂಡ ಒಂಚೂರು ಜಾರುತ್ತಲೇ ಇರುತ್ತದೆ. ಏರಿನಲ್ಲಿ ಎಂಜಿನ್ ಆಫ್ ಮಾಡಿ ಗೇರಿನಲ್ಲಿ ನಿಲ್ಲಿಸಿದ ಕಾರು ಮೆಲ್ಲಮೆಲ್ಲಗೆ ಹಿಂದಕ್ಕೆ ತೆವಳುತ್ತದೆ. ನಿಜವಾದ ಕಾರು ಹಾಗೆ ತೆವಳುವುದಿಲ್ಲ, ಅಲ್ವಾ? ಇನ್ನೊಂದು ದಾರಿಯಲ್ಲಿ ಅಂತರ ಒಂದು ಸಣ್ಣ ಮಿತಿಯೊಳಗೆ ಬಂದ ಕೂಡಲೇ 'ಹಿಡಿಯಿತು' ಎಂದು ಘೋಷಿಸಿ ಸಮೀಕರಣವನ್ನೇ ಬದಲಿಸಬೇಕು. ಆಮೇಲೆ, ದಾಟಬೇಕಾದ ಬಲ ಪ್ಲೇಟ್‌ನ ತಾಕತ್ತು ಮೀರಿದರೆ ಮಾತ್ರ ಮತ್ತೆ 'ಜಾರುತ್ತಿದೆ' ಎನ್ನಬೇಕು. ಹಿಡಿಯುವ ಜಾರುವ ಘರ್ಷಣೆಗೆ ಈ ಬಗೆಯ ಮಾದರಿಯನ್ನು ಅಮೆರಿಕದ ಎಂಜಿನಿಯರ್ ಡೀನ್ ಕಾರ್ನಪ್ 1985ರಲ್ಲಿ ಕೊಟ್ಟರು. ಕಾರಿನಾಚೆಗೆ ಬೇರೆ ಯಂತ್ರಗಳ ಲೆಕ್ಕಕ್ಕೂ ಅದನ್ನು ಬಳಸುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ಚಕ್ರದ ಕಡೆಯಿಂದ ನೋಡಿದರೆ ಎಂಜಿನ್‌ನ ತಿರುಗುವ ಜಡತ್ವ ಗೇರ್ ಅನುಪಾತದ ವರ್ಗದಷ್ಟು ಹೆಚ್ಚಾಗಿ ಕಾಣುತ್ತದೆ. ಮೇಲಿನ ಕಾರನ್ನೇ ತೆಗೆದುಕೊಂಡರೆ ಒಂದನೇ ಗೇರಿನ ಒಟ್ಟು ಅನುಪಾತ 3.5 × 4, ಅಂದರೆ 14. ಆದ್ದರಿಂದ ಎಂಜಿನ್ ಚಕ್ರಕ್ಕೆ 196 ಪಟ್ಟು ಭಾರವಾಗಿ ತೋರುತ್ತದೆ. ಅನುಪಾತ 0.8 ಇರುವ ಐದನೇ ಗೇರಿನಲ್ಲಿ ಅದು ಸುಮಾರು 10 ಪಟ್ಟು ಮಾತ್ರ. ಕೆಳಗಿನ ಗೇರಿಗೆ ಒರಟಾಗಿ ಇಳಿದಾಗ ಹಿಂದಿನ ಚಕ್ರ ಗಕ್ಕನೆ ಹಿಡಿದುಕೊಳ್ಳುವುದು, ಮೇಲಿನ ಗೇರುಗಳಲ್ಲಿ ಅದೇ ತಪ್ಪು ಹೆಚ್ಚು ತೊಂದರೆ ಕೊಡದಿರುವುದು ಇದರಿಂದಲೇ. ಒಳ್ಳೆಯ ಸಿಮ್ಯುಲೇಟರ್‌ನಲ್ಲಿ ಇದನ್ನು ಯಾರೂ ಬೇರೆಯಾಗಿ ಬರೆದಿರುವುದಿಲ್ಲ. ಎಂಜಿನ್ ಜಡತ್ವ ಮತ್ತು ಅನುಪಾತ ಸರಿಯಿದ್ದರೆ ತಾನಾಗಿಯೇ ಬರುತ್ತದೆ.

ಮೊದಲ ದಿನ ಕಾರು ಕಲಿಯುವವರು ಕ್ಲಚ್ ಬಿಟ್ಟಾಗ ಗಾಡಿ ಜಗ್ಗಿ ಜಗ್ಗಿ ಕುಪ್ಪಳಿಸುತ್ತದೆ. ಅದಕ್ಕೆ ಕಾರಣ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟ್‌ಗಳು, ಎಂಜಿನ್ ಕೂತ ರಬ್ಬರ್ ಮೌಂಟ್‌ಗಳು ತಿರುಚಿ ವಾಪಸ್ ಬರುವುದು. ಶಾಫ್ಟ್ ತಿರುಚುವುದೇ ಇಲ್ಲ ಎಂದು ಲೆಕ್ಕ ಹಾಕುವ ಆಟಗಳಲ್ಲಿ ಈ ಕುಪ್ಪಳಿಕೆ ಇರುವುದಿಲ್ಲ. ಅಲ್ಲಿ ಕಾರು ಒಂದೋ ನಯವಾಗಿ ಹೊರಡುತ್ತದೆ, ಇಲ್ಲವೇ ಆಫ್ ಆಗುತ್ತದೆ.

ಬೇಡ ಎನ್ನಲು ಬಾರದ ಲಿವರ್

ಈಗ ಮುಖ್ಯ ಮಾತಿಗೆ ಬರೋಣ. ನಿಜವಾದ ಗೇರ್‌ಬಾಕ್ಸ್ ನಿಮ್ಮ ಕೈಗೆ ಬೇಡ ಎನ್ನಬಲ್ಲದು. ವೇಗ ಹೊಂದದಿದ್ದರೆ ಲಿವರ್ ಒಳಗೆ ಹೋಗುವುದೇ ಇಲ್ಲ. ಆ ಉಂಗುರ ತಡೆಯುತ್ತದೆ, ಹಲ್ಲು ಕರ್ರ್ ಎಂದು ಅಂಗೈಯನ್ನೇ ನಡುಗಿಸುತ್ತದೆ. ಮನೆಯ ಗೇರ್ ಲಿವರ್, ಅಂದರೆ ಶಿಫ್ಟರ್ ಒಳಗೆ ಇರುವುದು ಒಂದು ಸ್ಪ್ರಿಂಗ್, ಕೆಲವು ಸ್ವಿಚ್ ಅಥವಾ ಸೆನ್ಸರ್. 2006ರಲ್ಲಿ ಬಂದ ಲಾಜಿಟೆಕ್ ಜಿ25 ಮೂರು ಪೆಡಲ್ ಮತ್ತು ಆರು ಗೇರಿನ ಲಿವರನ್ನು ಒಂದೇ ಪೆಟ್ಟಿಗೆಯಲ್ಲಿ ಕೊಟ್ಟು ಈ ಹವ್ಯಾಸವನ್ನು ಎಷ್ಟೋ ಮನೆಗಳಿಗೆ ತಲುಪಿಸಿತು. ಅದಾದ ಮೇಲೆ ಲೋಹದ, ಗಟ್ಟಿಮುಟ್ಟಾದ ಶಿಫ್ಟರ್‌ಗಳು ಬಹಳ ಬಂದಿವೆ. ಹಾಗಿದ್ದರೂ ಬಹುಪಾಲು ಶಿಫ್ಟರ್‌ಗಳು ಕೈ ತಳ್ಳಿದ ಕಡೆ ಹೋಗುತ್ತವೆ. ತಡೆಯುವ ಶಕ್ತಿ ಅವುಗಳಿಗಿಲ್ಲ.

ಇದರಿಂದ ಒಂದು ಜಗಳ ಹುಟ್ಟುತ್ತದೆ. ನೀವು ಕ್ಲಚ್ ಸರಿಯಾಗಿ ಒತ್ತದೆ ಲಿವರನ್ನು ಎರಡಕ್ಕೆ ತಳ್ಳಿದಿರಿ. ಲಿವರ್ ಎರಡರಲ್ಲಿ ಕೂತಿದೆ. ಕಂಪ್ಯೂಟರ್ ಲೆಕ್ಕದ ಪ್ರಕಾರ ಹಲ್ಲು ಕೂಡಲು ಸಾಧ್ಯವೇ ಇಲ್ಲ. ಯಾರ ಮಾತು ನಡೆಯಬೇಕು?

ಸಿಮ್ಯುಲೇಟರ್ ಬರೆದವರು ಇಲ್ಲಿ ಏನೋ ಒಂದನ್ನು ತೀರ್ಮಾನಿಸಲೇಬೇಕು. ಕೈಯ ಮಾತು ನಡೆಸಿದರೆ ಗೇರ್ ಬೀಳುತ್ತದೆ, ಕ್ಲಚ್ ಬರೀ ಅಲಂಕಾರವಾಗುತ್ತದೆ. ಲೆಕ್ಕದ ಮಾತು ನಡೆಸಿದರೆ ಕಾರು ನ್ಯೂಟ್ರಲ್‌ನಲ್ಲಿ ಉಳಿಯುತ್ತದೆ, ಹಲ್ಲು ಉಜ್ಜುವ ಸದ್ದು ಕೇಳುತ್ತದೆ, ಲಿವರ್ ಮಾತ್ರ ಗೇರಿನಲ್ಲಿದ್ದ ಹಾಗೆ ಕಾಣುತ್ತದೆ. ಆಟಗಾರ ಆಕ್ಸಿಲರೇಟರ್ ಒತ್ತುತ್ತಾನೆ, ಎಂಜಿನ್ ಸುಮ್ನೆ ಕೂಗುತ್ತದೆ. ಲಿವರನ್ನು ವಾಪಸ್ ಎಳೆದು ಮತ್ತೆ ಹಾಕಬೇಕು, ಇಲ್ಲವೇ ಕ್ಲಚ್ ಒತ್ತಿ ವೇಗ ಹೊಂದಿಸಬೇಕು. ನಿಜವಾದ ಕಾರಿನಲ್ಲಿ ಕೈಗೆ ಆ ಕ್ಷಣವೇ ತಿಳಿಯುವುದು ಇಲ್ಲಿ ಕಿವಿಗೆ, ಅದೂ ತಡವಾಗಿ ತಿಳಿಯುತ್ತದೆ.

ಎರಡನೆಯದೇ ಸರಿಯಾದ ದಾರಿ ಎಂದು ನನಗೆ ಅನ್ನಿಸುತ್ತದೆ. ಅದು ಕಿರಿಕಿರಿ ಕೊಡುತ್ತದೆ ನಿಜ. ಆದರೆ ತಪ್ಪನ್ನು ತಪ್ಪು ಎಂದು ಹೇಳುತ್ತದೆ. ಮೊದಲನೆಯದು ಕಲಿಯುವವರಿಗೆ ಕೆಟ್ಟ ಅಭ್ಯಾಸ ಹಿಡಿಸುತ್ತದೆ.

ಪೆಡಲ್‌ನದೂ ಇದೇ ಕಥೆ. ಬಹುಪಾಲು ಕಾರುಗಳಲ್ಲಿ ಕ್ಲಚ್ ಪೆಡಲ್ ಮೊದಲು ಗಟ್ಟಿಯಾಗುತ್ತಾ ಹೋಗಿ, ಒಂದು ಹಂತ ದಾಟಿದ ಮೇಲೆ ಸ್ವಲ್ಪ ಹಗುರಾಗುತ್ತದೆ. ಒಳಗಿನ ತಟ್ಟೆಯಾಕಾರದ ಸ್ಪ್ರಿಂಗ್‌ನ ಗುಣ ಅದು. ಹಿಡಿಯುವ ಜಾಗ ಪೆಡಲ್‌ನ ಇಡೀ ಓಟದಲ್ಲಿ ಒಂದು ಸಣ್ಣ ಪಾಲು ಮಾತ್ರ. ಅಗ್ಗದ ಸೆಟ್‌ಗಳಲ್ಲಿ ಪೆಡಲ್ ಮೇಲಿಂದ ಕೆಳಗಿನತನಕ ಒಂದೇ ಸಮನೆ ಗಟ್ಟಿಯಾಗುತ್ತದೆ. ದುಬಾರಿ ಪೆಡಲ್‌ಗಳಲ್ಲಿ ಆ ಹಗುರಾಗುವ ಗುಣವನ್ನು ಸ್ಪ್ರಿಂಗ್ ಜೋಡಣೆಯಿಂದಲೇ ತಂದಿದ್ದಾರೆ. ಫಿನ್ಲೆಂಡ್‌ನ ಸಿಮುಕ್ಯೂಬ್ ಆಕ್ಟಿವ್‌ಪೆಡಲ್‌ನಲ್ಲಂತೂ ಒಳಗೆ ಮೋಟರ್ ಇದೆ. ಅದು ಕಾಲಿಗೆ ವಾಪಸ್ ಒತ್ತಬಲ್ಲದು. ಮೋಟರ್ ಇರುವ ಗೇರ್ ಶಿಫ್ಟರ್‌ಗಳೂ ಈಗೀಗ ಬರುತ್ತಿವೆ. ಕೈಗೆ ಬೇಡ ಎನ್ನಬಲ್ಲ ಲಿವರ್ ಎಂದರೆ ಅವೇ. ಬೆಲೆ ಮಾತ್ರ ಸಾಮಾನ್ಯರ ಕೈಗೆ ಇನ್ನೂ ಎಟುಕುವಂತಿಲ್ಲ.

ಯಾರು ಎಷ್ಟು ದೂರ ಹೋಗಿದ್ದಾರೆ?

ರೋಮ್ ಹತ್ತಿರದ ಕುನೋಸ್ ಸಿಮುಲಾಜಿಯೋನಿ 2014ರಲ್ಲಿ ಪೂರ್ತಿಯಾಗಿ ಬಿಡುಗಡೆ ಮಾಡಿದ ಅಸೆಟ್ಟೊ ಕೊರ್ಸಾ ಇವತ್ತಿಗೂ ತುಂಬಾ ಜನ ಆಡುವ ಸಿಮ್ಯುಲೇಟರ್. ಅದರ ಕಾರುಗಳ ವಿವರ ಸಾದಾ ಅಕ್ಷರದ ಫೈಲ್‌ಗಳಲ್ಲಿದೆ. ಗೇರ್‌ಬಾಕ್ಸ್ ಭಾಗದಲ್ಲಿ ಮೇಲಿನ ಗೇರಿಗೆ ಹೋಗಲು ಎಷ್ಟು ಮಿಲಿಸೆಕೆಂಡ್, ಕೆಳಗಿಳಿಯಲು ಎಷ್ಟು, ಎಂಜಿನ್ ಸುತ್ತು ಎಷ್ಟು ಹತ್ತಿರ ಇದ್ದರೆ ಗೇರ್ ಬೀಳಬೇಕು ಎಂಬ ಅಂಕಿಗಳು ಸಿಗುತ್ತವೆ. ಕ್ಲಚ್ ಭಾಗದಲ್ಲಿ ಇರುವುದು ಮುಖ್ಯವಾಗಿ ಒಂದೇ ಅಂಕಿ, ಅದು ತಡೆದುಕೊಳ್ಳಬಲ್ಲ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ. ಸಿಂಕ್ರೊನೈಸರ್ ಉಂಗುರದ ಕಥೆಯನ್ನೆಲ್ಲ ಅಲ್ಲಿ 'ಇಷ್ಟು ಹತ್ತಿರ ಬಂದರೆ ಒಳಗೆ ಬಿಡು' ಎಂಬ ಒಂದು ಕಿಟಕಿಗೆ ಇಳಿಸಿದ್ದಾರೆ. ಟ್ರ್ಯಾಕ್ ಮೇಲೆ ಓಡಿಸುವಾಗ ಇದು ಸಾಕು. ರೇಸಿನಲ್ಲಿ ಕ್ಲಚ್ ಬಳಸುವುದು ಹೊರಡುವಾಗ ಮತ್ತು ಗೇರ್ ಬದಲಿಸುವ ಆ ಕ್ಷಣದಲ್ಲಿ ಮಾತ್ರ.

ಮೂರೇ ಜನರ ತಂಡ ಬರೆದ, ಎರಡು ದಶಕ ದಾಟಿದ ಲೈವ್ ಫಾರ್ ಸ್ಪೀಡ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಕ್ಲಚ್ ಬಿಸಿಯಾಗುತ್ತದೆ. ಗೇರ್ ಬದಲಿಸುವಾಗ ಆಕ್ಸಿಲರೇಟರ್ ಬಿಡದೆ ಉಜ್ಜುತ್ತಾ ಹೋದರೆ ಹಿಡಿತ ಕಡಿಮೆಯಾಗಿ ಎಂಜಿನ್ ಕೂಗುತ್ತದೆ, ಕಾರು ಓಡುವುದಿಲ್ಲ. ತಣ್ಣಗಾಗಲು ಬಿಡಬೇಕು. ರೇಸ್ ಮಧ್ಯೆ ಕಾಲನ್ನು ಹತೋಟಿಯಲ್ಲಿಡಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಕಿಲ್ಲ.

ಬೀಮ್‌ಎನ್‌ಜಿ ಡ್ರೈವ್ ರೇಸಿಗಿಂತ ಕಾರಿನ ದೇಹಕ್ಕೇ ಗಮನ ಕೊಟ್ಟದ್ದು. ಅದರಲ್ಲಿ ಕ್ಲಚ್ ಬಿಸಿಯಾಗಿ ಹಾಳಾಗುತ್ತದೆ, ಎಂಜಿನ್ ಮಿತಿ ಮೀರಿ ತಿರುಗಿದರೆ ಕೆಡುತ್ತದೆ, ಕ್ಲಚ್ ಪಟ್ಟನೆ ಬಿಟ್ಟರೆ ಗಾಡಿ ಆಫ್ ಆಗುತ್ತದೆ. ಸಾಮಾನ್ಯ ರಸ್ತೆ ಕಾರಿನ ನಡವಳಿಕೆ ನೋಡಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆನ್‌ಲೈನ್ ರೇಸಿನಲ್ಲಿ ಇನ್ನೊಂದು ಸಮಸ್ಯೆ ಇದೆ. ಲಿವರ್ ಇರುವ ಹಳೆಯ ಕಾರನ್ನು ಒಬ್ಬರು ನಿಜವಾಗಿ ಲಿವರ್ ಮತ್ತು ಕ್ಲಚ್ ಬಳಸಿ ಓಡಿಸುತ್ತಾರೆ. ಇನ್ನೊಬ್ಬರು ಅದೇ ಕಾರನ್ನು ಪ್ಯಾಡಲ್ ಎಳೆದು, ಕ್ಲಚ್ ಕೆಲಸವನ್ನು ಕಂಪ್ಯೂಟರ್‌ಗೆ ಬಿಟ್ಟು ಓಡಿಸುತ್ತಾರೆ. ಪ್ಯಾಡಲ್ ಎಳೆಯುವವರ ಕೈ ಸ್ಟೀರಿಂಗ್ ಬಿಡುವುದೇ ಇಲ್ಲ, ಗೇರೂ ತಪ್ಪುವುದಿಲ್ಲ. ಅದಕ್ಕೆ ಸಿಮ್ಯುಲೇಟರ್‌ಗಳು ಪ್ಯಾಡಲ್‌ನಲ್ಲಿ ಬದಲಿಸಿದರೂ ಗೇರ್ ಬೀಳಲು ಇಂತಿಷ್ಟು ಸಮಯ ಹಿಡಿಯಬೇಕು ಎಂದು ಕಟ್ಟುತ್ತವೆ. ಹಾಗೆ ಕಟ್ಟಿದ ಸಮಯ ತೀರಾ ಕಡಿಮೆಯಾದರೆ ಲಿವರ್ ಹಿಡಿದವರಿಗೆ ಅನ್ಯಾಯ.

ನಿಮ್ಮ ಸೆಟ್ ಎಷ್ಟು ನಿಜ ಎಂದು ನೋಡುವುದು ಹೇಗೆ?

ಮೊದಲು ಸೆಟ್ಟಿಂಗ್‌ನಲ್ಲಿ ಆಟೋ ಕ್ಲಚ್, ಆಟೋ ಬ್ಲಿಪ್ ಎರಡನ್ನೂ ಆಫ್ ಮಾಡಿ. ಆಟೋ ಬ್ಲಿಪ್ ಎಂದರೆ ಕೆಳಗಿನ ಗೇರಿಗೆ ಇಳಿಯುವಾಗ ಆಕ್ಸಿಲರೇಟರ್ ತಟ್ಟನ್ನು ಕಂಪ್ಯೂಟರೇ ಕೊಡುವುದು. ಇವೆರಡೂ ಆನ್ ಇದ್ದರೆ ನೀವು ನೋಡುತ್ತಿರುವುದು ನಿಮ್ಮ ಕಾಲಿನ ಕೆಲಸವನ್ನಲ್ಲ.

ಆಮೇಲೆ ಲಿವರ್ ಇರುವ ಒಂದು ಸಾದಾ ರಸ್ತೆ ಕಾರು ಆರಿಸಿಕೊಳ್ಳಿ. ಸಮತಟ್ಟು ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟದೆ, ಒಂದನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಿ. ನಿಜವಾದ ಕಾರು ಎಂಜಿನ್ ಸುತ್ತು ಸ್ವಲ್ಪ ಕುಗ್ಗಿ, ಮತ್ತೆ ಚೇತರಿಸಿಕೊಂಡು ತೆವಳತೊಡಗುತ್ತದೆ. ಮೂರನೇ ಗೇರಿನಲ್ಲಿ ಕ್ಲಚ್ ಬೇಗ ಬಿಟ್ಟರೆ ಆಫ್ ಆಗಬೇಕು. ಆಗದಿದ್ದರೆ ಆ ಆಟ ಎಂಜಿನ್ ಆಫ್ ಆಗದಂತೆ ಹಿಂದಿನಿಂದ ಸಹಾಯ ಮಾಡುತ್ತಿದೆ ಎಂದರ್ಥ. ನಂತರ ಜೋರಾಗಿ ಬ್ರೇಕ್ ಹಾಕುತ್ತಾ, ಆಕ್ಸಿಲರೇಟರ್ ತಟ್ಟದೆ, ಮೂರರಿಂದ ಎರಡಕ್ಕೆ ಇಳಿಸಿ ಕ್ಲಚ್ ಪಟ್ಟನೆ ಬಿಡಿ. ಹಿಂದಿನ ಚಕ್ರ ಎಳೆಯುವ ಕಾರಿನ ಬಾಲ ಅಲುಗಾಡಬೇಕು. ಅಲುಗಾಡದಿದ್ದರೆ ಎಂಜಿನ್‌ನ ಭಾರ ಟೈರ್‌ತನಕ ತಲುಪುತ್ತಿಲ್ಲ.

ಪೆಡಲ್ ಸರಿಹೊಂದಿಸುವುದನ್ನು ತುಂಬಾ ಜನ ಮರೆಯುತ್ತಾರೆ. ಕ್ಲಚ್ ಇಡೀ ಓಟದುದ್ದಕ್ಕೂ ಹಿಡಿಯುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ಮೇಲೂ ಕೆಳಗೂ ಸ್ವಲ್ಪ ಸತ್ತ ಜಾಗ (ಡೆಡ್‌ಝೋನ್), ಅಂದರೆ ಒತ್ತಿದರೂ ಏನೂ ಆಗದ ಜಾಗ ಬಿಡಿ. ಆಗ ಹಿಡಿತ ಮಧ್ಯದ ಒಂದು ಚಿಕ್ಕ ಭಾಗಕ್ಕೆ ಬಂದು ನಿಲ್ಲುತ್ತದೆ. ಇದಕ್ಕೆ ಖರ್ಚಿಲ್ಲ. ಹೊಸ ಪೆಡಲ್ ಕೊಳ್ಳುವ ಮುಂಚೆ ಮಾಡಿ ನೋಡಬೇಕಾದ್ದು ಇದು.

ಕಾರು ಕಲಿಯಲು ಇದು ಸಾಕಾ?

ಇದರಿಂದ ಕಲಿಯಬಹುದಾದ್ದು ಕಡಿಮೆಯೇನಲ್ಲ. ಯಾವ ಪೆಡಲ್ ಯಾವ ಕಾಲಿಗೆ, ಯಾವ ಗೇರ್ ಎಲ್ಲಿ, ಕ್ಲಚ್ ಒತ್ತಿ ಆಕ್ಸಿಲರೇಟರ್ ಬಿಟ್ಟು ಗೇರ್ ಹಾಕುವ ಕ್ರಮ, ಯಾವ ವೇಗಕ್ಕೆ ಯಾವ ಗೇರ್, ಎಂಜಿನ್ ಸದ್ದು ಕೇಳಿ ಗೇರ್ ಬದಲಿಸುವುದು. ಇವೆಲ್ಲ ಸಿಮ್ಯುಲೇಟರ್‌ನಲ್ಲಿ ಕೈಕಾಲಿಗೆ ಇಳಿಯುತ್ತವೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡದೆ ಗೇರಿನಲ್ಲೇ ಇಳಿಸಬೇಕು ಎಂಬ ಮಾತಿನ ಅರ್ಥವೂ ಅಲ್ಲಿ ಚೆನ್ನಾಗಿ ಕಾಣುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ ಕಾರನ್ನು ಹಿಡಿದಿಟ್ಟುಕೊಳ್ಳುವುದನ್ನು, ನ್ಯೂಟ್ರಲ್‌ನಲ್ಲಿ ಬಿಟ್ಟುಬಿಡುವುದನ್ನು ಅಪಾಯವಿಲ್ಲದೆ ಹೋಲಿಸಿ ನೋಡಬಹುದು.

ಅಲ್ಲಿ ಸಿಗದಿರುವುದು ಹಿಡಿಯುವ ಜಾಗದ ಅರಿವು. ನಿಜವಾದ ಕಾರಿನಲ್ಲಿ ಕ್ಲಚ್ ಹಿಡಿಯತೊಡಗಿದಾಗ ಪೆಡಲ್ ಕಾಲಡಿ ಸಣ್ಣಗೆ ನಡುಗುತ್ತದೆ, ಬಾನೆಟ್ ಒಂಚೂರು ಏಳುತ್ತದೆ, ಸೀಟು ಬೆನ್ನನ್ನು ತಳ್ಳುತ್ತದೆ. ಅನುಭವಿ ಡ್ರೈವರ್ ಸದ್ದು ಕೇಳುವ ಮೊದಲೇ ದೇಹದಿಂದ ಅದನ್ನು ತಿಳಿಯುತ್ತಾನೆ. ಅಲುಗಾಡದ ಕುರ್ಚಿಯಲ್ಲಿ ಕೂತವರಿಗೆ ಉಳಿಯುವುದು ಸದ್ದು ಮತ್ತು ಎಂಜಿನ್ ಸುತ್ತು ತೋರಿಸುವ ಮುಳ್ಳು ಮಾತ್ರ. ಕುರ್ಚಿಯಡಿ ಕಂಪನದ ಮೋಟರ್ ಹಾಕಿದರೆ ಸ್ವಲ್ಪ ವಾಸಿ. ಅದರ ಮೇಲೆ ಒಂದೊಂದು ಕಾರಿನ ಕ್ಲಚ್ ಒಂದೊಂದು ಎತ್ತರದಲ್ಲಿ ಹಿಡಿಯುತ್ತದೆ. ಪ್ಲೇಟ್ ಸವೆದಂತೆ ಆ ಎತ್ತರವೂ ಬದಲಾಗುತ್ತಾ ಹೋಗುತ್ತದೆ.

ಹಾಗಾಗಿ ಸಿಮ್ಯುಲೇಟರ್‌ನಲ್ಲಿ ತಿಂಗಳುಗಟ್ಟಲೆ ಓಡಿಸಿದ ಮಗಳನ್ನು ನಿಜವಾದ ಕಾರಿನಲ್ಲಿ ಕೂರಿಸಿದಾಗ ಗೇರ್ ಎಲ್ಲೆಲ್ಲಿದೆ ಎಂದು ಹೇಳಿಕೊಡುವುದರಲ್ಲಿ ಹೊತ್ತು ಕಳೆಯಬೇಡಿ. ಅದು ಗೊತ್ತಿರುತ್ತದೆ. ಖಾಲಿ ಮೈದಾನದಲ್ಲಿ, ಗೊತ್ತಿರುವ ಒಬ್ಬರು ಪಕ್ಕದಲ್ಲಿ ಕೂತು, ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್‌ನಲ್ಲಿ ಕಾರನ್ನು ತೆವಳಿಸಿ ನಿಲ್ಲಿಸುವುದನ್ನು ಮತ್ತೆ ಮತ್ತೆ ಮಾಡಿಸಿ. ಅದು ಕೈಗೂಡಿದ ಮೇಲೆ ಸಣ್ಣ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಹೊರಡುವುದನ್ನು ಕಲಿಸಿ. ಅಲ್ಲಿ ಕ್ಲಚ್ ಹಿಡಿದದ್ದು ತಿಳಿಯುವುದು ಕಾರಿನ ಹಿಂಭಾಗ ತುಸು ಕುಸಿದಾಗ, ಆಗಲೇ ಬ್ರೇಕ್ ಬಿಡಬೇಕು.